ಒಡಲೊಳಗಿನ ಜಾಲಿಹೂ

ನಾನೊಂದು ಫೋಲ್ಡರ್. ನಗಬೇಡಿ. ಮರದ ಪೆಟ್ಟಿಗೆಯಾಗಿಯೋ ಹಿತ್ತಾಳೆ ಡಬ್ಬಿಯಾಗಿಯೋ ಹುಟ್ಟಿದ್ದರೆ ನೀವು ನನ್ನನ್ನು ತಟ್ಟಿ ನೋಡಬಹುದಿತ್ತು, ಮುಚ್ಚಳ ತೆಗೆದು ಮೂಸಬಹುದಿತ್ತು. ನನಗೆ ತೂಕವಿಲ್ಲ, ವಾಸನೆಯಿಲ್ಲ. ಮೈಬಣ್ಣ ಅಂದರೆ ಪರದೆಯ ಮೇಲಿನ ಒಂದು ಚೂರು ಹಳದಿ, ಅಷ್ಟೇ. ಆದರೂ ನನಗೊಂದು ಹುಟ್ಟಿದೆ, ಚೆಂದದ ಹೆಸರಿದೆ, ತಪ್ಪಿಹೋದ ಒಂದು ದೊಡ್ಡ ಗಂಡಾಂತರವಿದೆ. ಅದನ್ನು ಹೇಳಬೇಕೆಂದರೆ ಈಗಲೂ ಮೈ ಜುಮ್ ಅನ್ನುತ್ತದೆ, ಇಲ್ಲದ ಮೈ!

ನಾನು ಹುಟ್ಟಿದ್ದು ಗುಳೇದಗುಡ್ಡದ ಒಂದು ಸಣ್ಣ ವಿನ್ಯಾಸ ಕೇಂದ್ರದಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ. ಹೊರಗೆ ಮಗ್ಗದ ಸಪ್ಪಳ. ಒಳಗೆ ಕಸ್ತೂರಿ ಎಂಬ ಹುಡುಗಿ ಕೇಂದ್ರದ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಡಿಗ್ರಿ ಮುಗಿಸಿ ತರಬೇತಿಗೆ ಬಂದವಳು. ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲು ಕುತ್ತಿಗೆ ಕೆಂಪಾಗುವುದು, ಆಮೇಲೆ ಉತ್ತರ ಬರುವುದು. ಕೆಲವೊಮ್ಮೆ ಉತ್ತರ ಬರುವುದೇ ಇಲ್ಲ. ಅವಳು ಇಲಿಯ ಬಲಗಿವಿ ಹಿಂಡಿದಂತೆ ಮೌಸ್ ಒತ್ತಿ, ‘ಹೊಸ ಫೋಲ್ಡರ್’ ಎಂಬುದನ್ನು ಆರಿಸಿ, ಆ ಕಡೆ ಈ ಕಡೆ ನೋಡಿ ನನಗೆ ಹೆಸರಿಟ್ಟಳು: ಜಾಲಿಹೂ.

ನನ್ನ ಮನೆತನ ಹೇಳಿಬಿಡುತ್ತೇನೆ. ಎಲ್ಲರಿಗಿಂತ ಹೊರಗಿನವನು ‘ಖಣ’. ಖಣ ಗೊತ್ತಲ್ಲ, ಮುಕ್ಕೋನ ಮಡಚಿ ಅಂಗಡಿಯಲ್ಲಿ ಜೋಡಿಸಿರುತ್ತಾರಲ್ಲ, ಕುಪ್ಪಸದ ಬಟ್ಟೆ. ಅವನೊಳಗೆ ಇಬ್ಬರು: ‘ಅಂಚು’ ಮತ್ತು ಬಟ್ಟೆಯ ನಡುಭಾಗವಾದ ‘ಒಡಲು’. ಒಡಲೊಳಗೆ ನಾನು. ಬಟ್ಟೆಯ ಮಡಿಕೆಯೊಳಗೆ ಮಡಿಕೆ ಇದ್ದ ಹಾಗೆ, ಅತ್ಯಂತ ಒಳಗಿನ ಮಡಿಕೆ ನಾನು.

ಖಣದ ಮೂಲೆಯಲ್ಲಿ ಕಣ್ಣಿಗೆ ಕಾಣದ ಹಾಗೆ ಇನ್ನೊಬ್ಬ ಕೂತಿರುತ್ತಿದ್ದ. ಆವೃತ್ತಿಗಳನ್ನು ಕಾಯುವ ತಂತ್ರಾಂಶ. ಇಂದು ಗೀಚಿದ್ದು, ನಿನ್ನೆ ಗೀಚಿ ಅಳಿಸಿದ್ದು, ಎಲ್ಲವನ್ನೂ ಅವನು ಹಂತಹಂತವಾಗಿ ಕೂಡಿಡುತ್ತಿದ್ದ. ಕೇಂದ್ರದ ಹುಡುಗಿಯರು ಅವನಿಗೆ ‘ಕಣಜ’ ಅನ್ನುತ್ತಿದ್ದರು. ಕೆಲಸ ಮುಗಿದಾಗ ಒಂದು ಸಾಲು ಟಿಪ್ಪಣಿ ಬರೆದು ಕಣಜಕ್ಕೆ ಹಾಕಬೇಕು, ಅಲ್ಲಿಂದ ಮೇಲಕ್ಕೆ, ಅಂದರೆ ಎಲ್ಲೋ ದೂರದಲ್ಲಿರುವ ದೊಡ್ಡ ಗಣಕಕ್ಕೆ ಕಳಿಸಬೇಕು. ಬೇರೆಯವರು ಅಲ್ಲಿಂದ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು.

ಕೇಂದ್ರ ನಡೆಸುವ ಗೌರಾ ಮೇಡಂ ಮೊದಲ ದಿನವೇ ಪಾಠ ಹೇಳಿದ್ದರು: “ಮಗ್ಗಕ್ಕ ಹೊಸಾ ಹಾಸು ಏರಿಸುವಾಗ ಪೂಜಿ ಮಾಡತೇವಿಲ್ಲ? ಹಂಗ. ಹೊಸಾ ಕೆಲಸ ಅಂದ್ರ ಮೊದಲ ಕಣಜ ಹೂಡ್ರಿ. ಆಮ್ಯಾಲ ಗೆರಿ ಎಳೀರಿ.”

ಹುಡುಗಿಯರು ಇದನ್ನು ಪೂಜೆಯಷ್ಟೇ ಶ್ರದ್ಧೆಯಿಂದ ನಂಬಿದರು. ಎಲ್ಲ ಶುರುವಾದದ್ದು ಇಲ್ಲಿಂದಲೇ.

ನಾನು ಹುಟ್ಟಿದ ದಿನ ಕಸ್ತೂರಿ ಎಲ್ಲವನ್ನೂ ಕಣಜಕ್ಕೆ ಹಾಕಿ ಮೇಲಕ್ಕೆ ಕಳಿಸಿದಳು. ಎದುರಿನ ಮೇಜಿನಲ್ಲಿ ಕೇಂದ್ರದ ದೊಡ್ಡ ಕಂಪ್ಯೂಟರ್ ಮುಂದೆ ಶಮಶಾದ್ ಕೂತಿದ್ದಳು. ಅಂಚಿನ ಕೆಲಸ ಅವಳದು. ಬಾಯಿ ಅಂದರೆ ಬಾಯಿ! ಇಳಿಸಿಕೊಂಡು ನೋಡಿ ಕೂಗಿದಳು.

“ಏ ಕಸ್ತೂರಿ, ಎಲ್ಲೈತಿ ನಿನ್ನ ಜಾಲಿಹೂ? ಇಲ್ಲಿ ಜಾಲಿನೂ ಇಲ್ಲ, ಹೂವೂ ಇಲ್ಲ!”

ನಾನು ಅಲ್ಲಿರಲಿಲ್ಲ. ಯಾಕೆಂದರೆ ಕಣಜದವನಿಗೆ ಬೇಕಾದದ್ದು ಕಡತಗಳು ಮಾತ್ರ. ಫೋಲ್ಡರ್ ಅವನ ಲೆಕ್ಕದಲ್ಲಿ ಕಡತದ ಮನೆಗೆ ಹೋಗುವ ಓಣಿ. ಓಣಿಯಲ್ಲಿ ಒಂದೂ ಮನೆ ಇಲ್ಲವೆಂದರೆ ಅವನಿಗೆ ಓಣಿಯೂ ಇಲ್ಲ. ನಾನು ಆಗ ಪೂರ್ತಿ ಖಾಲಿ. ಒಂದು ಗೆರೆ ಇರುವ ಒಂದು ಕಡತ ನನ್ನೊಳಗೆ ಹಾಕಿದ್ದರೆ ಸಾಕಿತ್ತು, ಅವನು ನನ್ನನ್ನು ಕಂಡುಕೊಳ್ಳುತ್ತಿದ್ದ.

ಕಸ್ತೂರಿಗೆ ಇದು ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು, ಕೇಳುವುದೆಂದರೆ ಮತ್ತೆ ಕುತ್ತಿಗೆ ಕೆಂಪು. ತಾನೇ ಯೋಚಿಸಿದಳು. ಹೊಸ ಕೆಲಸ, ಹೊಸ ಫೋಲ್ಡರ್. ಅಯ್ಯೋ, ಇದಕ್ಕೆ ಕಣಜ ಹೂಡಿಯೇ ಇಲ್ಲವಲ್ಲ!

ಹೂಡಿದಳು. ನನ್ನೊಳಗೇ.

ಆ ಖುಷಿ ಏನು ಹೇಳಲಿ! ಹೊರಗಿನ ಖಣನಿಗಿದ್ದಂಥದ್ದೇ ಕಣಜ, ಪುಟ್ಟದು, ನನ್ನ ಮೂಲೆಯಲ್ಲಿ! ಅಷ್ಟು ಒಳಗಿನ ಮಡಿಕೆಗೆ ಇಂಥ ಮರ್ಯಾದೆ! ಕಸ್ತೂರಿ ಮೊದಲ ಹೂವಿನ ಚೌಕಳಿ ಬರೆದು ನನ್ನ ಕಣಜಕ್ಕೆ ಹಾಕಿದಳು. ಆಮೇಲೆ ಹೊರಗೆ ಬಂದು ದೊಡ್ಡ ಕಣಜಕ್ಕೂ ಸೇರಿಸಿದಳು. ಪರದೆಯ ಮೇಲೆ ಇಂಗ್ಲಿಷಿನ ಹಳದಿ ಸಾಲುಗಳು ಸರಸರ ಓಡಿದವು. ಅವಳು ಓದಲಿಲ್ಲ. ಕೆಂಪಾದರೆ ತಪ್ಪು, ಹಳದಿಯಾದರೆ ಪರವಾಗಿಲ್ಲ ಎಂಬುದು ಹುಡುಗಿಯರ ನಡುವಿನ ತಿಳಿವಳಿಕೆ.

ಹಳದಿ ಸಾಲು ಹೇಳಿದ್ದು ಇದು: ದೊಡ್ಡ ಕಣಜದವನು ನನ್ನ ಹೊಸ್ತಿಲ ತನಕ ಬಂದ. ನನ್ನ ಮೂಲೆಯಲ್ಲಿ ಇನ್ನೊಬ್ಬ ಕಣಜದವನು ಕೂತಿದ್ದನ್ನು ನೋಡಿದ. ‘ಓಹೋ, ಇಲ್ಲಿ ಬೇರೆ ಸಂಸಾರ ಹೂಡ್ಯಾರ’ ಅಂದುಕೊಂಡು ಹೊಸ್ತಿಲು ದಾಟಲೇ ಇಲ್ಲ. ನನ್ನ ಹೆಸರನ್ನು, ನನ್ನ ಕಣಜದ ಕೊನೆಯ ಗುರುತಿನ ಸಂಖ್ಯೆಯನ್ನು ಬರೆದುಕೊಂಡು ತಿರುಗಿ ಹೋದ. ಮೇಲಕ್ಕೆ ಹೋದದ್ದು ಅಷ್ಟೇ. ಮನೆಯಲ್ಲ, ಮನೆಯ ವಿಳಾಸ. ಹೂವು ನನ್ನೊಳಗೇ ಉಳಿಯಿತು.

ಶಮಶಾದ್ ಇಳಿಸಿಕೊಂಡಳು. “ಬಂತು! ಜಾಲಿಹೂ ಬಂತು!”

ಹೌದು, ಬಂದೆ. ಹೆಸರಿದ್ದ ಕಾರಣ ಅವಳ ಯಂತ್ರದಲ್ಲೂ ನಾನು ಹುಟ್ಟಿದೆ, ಖಾಲಿಯಾಗಿ. ಅಂದಿನಿಂದ ನಾನು ಎರಡು ಕಡೆ ಇದ್ದೆ. ಕಸ್ತೂರಿಯ ಲ್ಯಾಪ್‌ಟಾಪಿನಲ್ಲಿ ದಿನದಿನಕ್ಕೆ ತುಂಬುವ ನಾನು. ಶಮಶಾದಳ ಕಂಪ್ಯೂಟರಿನಲ್ಲಿ ಬಾಗಿಲು ಹಾಕಿಕೊಂಡ ಬರಿ ನಾನು.

“ತೆಗೆದು ನೋಡಲೇನ?” ಅಂದಳು ಶಮಶಾದ್.

“ಬ್ಯಾಡ!” ಕಸ್ತೂರಿ ಅಷ್ಟು ಬೇಗ ಉತ್ತರ ಕೊಟ್ಟದ್ದು ಅದೇ ಮೊದಲು. “ಮುಗಿಯೂತನಕ ನೋಡಬ್ಯಾಡ. ಆಣಿ ಹಾಕು.”

“ಹಾಕಿದೆ ಬಿಡವ್ವಾ. ಮದಲಗಿತ್ತೀನೂ ಇಷ್ಟ ನಾಚೂದಿಲ್ಲ.”

ಶಮಶಾದ್ ಎಷ್ಟು ಬಾಯಿಬಡುಕಿಯೋ ಅಷ್ಟೇ ಮಾತಿಗೆ ತಪ್ಪದವಳು. ಒಮ್ಮೆಯೂ ತೆಗೆಯಲಿಲ್ಲ.

ಆ ದಿನಗಳೇ ದಿನಗಳು! ಗುಳೇದಗುಡ್ಡದ ಖಣದ ಒಡಲಲ್ಲಿ ತುಳಸಿ ಎಲೆ ಬಂದಿದೆ, ಆನೆಹೆಜ್ಜೆ ಬಂದಿದೆ. ಜಾಲಿಹೂ ಯಾರೂ ನೇಯ್ದಿರಲಿಲ್ಲ. ಮುಳ್ಳುಗಿಡದ ಹೂವು ಯಾರಿಗೆ ಬೇಕು? ಕಸ್ತೂರಿಗೆ ಬೇಕಾಗಿತ್ತು. ಗುಡ್ಡದ ಹಾದಿಯಲ್ಲಿ ಅರಳುವ ಪುಟ್ಟಪುಟ್ಟ ಹಳದಿ ಉಂಡೆಗಳು, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವಂಥವು. ಅವುಗಳನ್ನು ಚೌಕಳಿಯ ಮೇಲೆ ಕೂರಿಸುವುದು ಹುಡುಗಾಟವಲ್ಲ. ಒಂದೊಂದು ಚೌಕವೂ ಮಗ್ಗದ ಒಂದು ಎಳೆ. ತುಂಬಿದ ಚೌಕವೆಂದರೆ ಎಳೆ ಮೇಲೆ, ಖಾಲಿ ಚೌಕವೆಂದರೆ ಎಳೆ ಕೆಳಗೆ. ಮೊದಲು ಬರೆದ ಹೂವು ಬುಂದಿ ಉಂಡೆಯಂತಿತ್ತು. ಆಮೇಲಿನದು ಗಾಡಿಯ ಗಾಲಿ. ಒಂದು ದಿನ ಅವಳು ಉಂಡೆಯ ಅಂಚಿನ ಸುತ್ತ ಒಂದು ಬಿಟ್ಟು ಒಂದು ಚೌಕ ಖಾಲಿ ಬಿಟ್ಟಳು ನೋಡಿ, ಹೂವು ಥಟ್ಟನೆ ಮೈನವಿರು ತಳೆಯಿತು! ಉಂಡೆಯಲ್ಲ, ಹೂವೇ! ಕಸ್ತೂರಿ ಎರಡೂ ಕೈ ಬಾಯಿಗೆ ಒತ್ತಿ ಹಿಡಿದಳು. ಪಕ್ಕದವರಿಗೆ ಸೀನು ತಡೆದಂತೆ ಕಂಡಿರಬೇಕು. ನನಗೆ ಗೊತ್ತು, ಅದು ಕೂಗು.

ಪ್ರತಿ ಸಂಜೆ ಅಂದಿನ ಚಿತ್ರವನ್ನು ನನ್ನ ಕಣಜಕ್ಕೆ ಹಾಕಿ ಒಂದು ಸಾಲು ಬರೆಯುವಳು. ದೊಡ್ಡ ಕಣಜಕ್ಕೆ ಬರೆಯುವ ಸಾಲು ಮೇಡಂ ಓದುತ್ತಾರೆ, ಶಮಶಾದ್ ಓದುತ್ತಾಳೆ, ಅದು ಚುಟುಕು: ‘ಒಡಲು ತಿದ್ದಿದೆ’. ನನ್ನೊಳಗಿನದನ್ನು ಯಾರೂ ಓದುವುದಿಲ್ಲವೆಂದು ಅವಳಿಗೆ ಅನಿಸಿತ್ತು. ಅದಕ್ಕೇ ಅಲ್ಲಿ ಬೆರಳು ಬಿಚ್ಚಿ ಬರೆಯುತ್ತಿದ್ದಳು.

ಹೂವು ಮುಗಿಯಿತು. ಅದೇ ವಾರ ಕಾರ್ಡು ಕೊರೆಯುವ ಯಂತ್ರ ಊರಿಗೆ ಬಂತು. ಚಿತ್ರದ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಯಂತ್ರ ಅದು. ಆ ಕಾರ್ಡುಗಳನ್ನು ಮಗ್ಗದ ತಲೆಗೆ ಕಟ್ಟಿದರೆ ಎಳೆಗಳು ತಾವೇ ಏಳುತ್ತವೆ, ಇಳಿಯುತ್ತವೆ. ಯಂತ್ರ ಊರೂರು ತಿರುಗುವಂಥದ್ದು. ಇಂದು ಇಲ್ಲಿ, ನಾಳೆ ಇಳಕಲ್ಲಿಗೆ. ಮತ್ತೆ ಯಾವಾಗ ಬರುವುದೋ ಅದರ ಜತೆ ಬಂದ ಮಿಸ್ತ್ರಿಗೂ ಗೊತ್ತಿಲ್ಲ. ಮೇಡಂ ಬಾಗಲಕೋಟೆಗೆ ಹೊರಡುವ ಮುನ್ನ ಹೇಳಿದರು: “ಇವತ್ತು ಕೊರದದ್ದು ಸಿದ್ದವ್ವನ ಮಗ್ಗಕ್ಕ ಏರ್ತೈತಿ. ಕೊರೀಲಿಕ್ಕೆ ಆಗಲಿಲ್ಲಂದ್ರ ಆಕಿ ಹಳೇ ತುಳಸಿ ಎಲೀನ ಹಾಕೋತಾಳ. ಇನ್ನ, ಕಸ್ತೂರಿ, ಲ್ಯಾಪ್‌ಟಾಪ್ ಇವತ್ತ ಕಮತಗಿ ನೀಲಮ್ಮಗ ಕೊಡಬೇಕು. ಎಲ್ಲಾ ಮ್ಯಾಲ ಹೋಗೇತಿಲ್ಲ?”

ಕಸ್ತೂರಿ ಮೇಲಿನ ಕಣಜದ ಪುಟ ತೆರೆದು ನೋಡಿದಳು. ಖಣ ಇದೆ, ಒಡಲು ಇದೆ, ಜಾಲಿಹೂ ಇದೆ. ಉಳಿದವರ ಚಿತ್ರದ ಮೇಲೆ ಇಲ್ಲದ ಒಂದು ಸಣ್ಣ ಬಾಣದ ಗುರುತು ನನ್ನ ಚಿತ್ರದ ಮೇಲಿತ್ತು. ಒತ್ತಿದಳು, ತೆರೆಯಲಿಲ್ಲ. ನೆಟ್ ನಿಧಾನ ಇರಬೇಕೆಂದುಕೊಂಡಳು.

“ಹೂಂ ಮೇಡಂ. ಹೋಗೇತಿ.”

ನಾನು ಬಾಯಿ ಬಿಟ್ಟು ಕೂಗಬೇಕೆಂದರೆ ನನಗೆ ಬಾಯಿ ಎಲ್ಲಿದೆ?

ನೀಲಮ್ಮ ಹೊಸ ತಂಡದ ಹುಡುಗಿ. ಲ್ಯಾಪ್‌ಟಾಪ್ ಕೈಗೆ ಬಂದದ್ದೇ ತಡ, ಚೀಲವನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ಹೊರಟಳು. ಹೊಸಬರು ಮೊದಲು ಹಿಂದಿನವರದ್ದನ್ನೆಲ್ಲ ಅಳಿಸಿ ಶುದ್ಧ ಮಾಡಿಕೊಳ್ಳಬೇಕು, ಅದು ಕೇಂದ್ರದ ನಿಯಮ. ನಾನು ಹೂವು ಸಮೇತ ಆ ಚೀಲದಲ್ಲಿ ಕತ್ತಲಲ್ಲಿ ಅಲುಗಾಡುತ್ತ ಬಸ್‌ಸ್ಟ್ಯಾಂಡಿಗೆ ಹೋದೆ.

ಇತ್ತ ಕೇಂದ್ರದಲ್ಲಿ ಇನ್ನೊಂದು ನಾನು. ಶಮಶಾದ್ ಬೆರಳು ಮಟಮಟ ಮುರಿದಳು. “ಇವತ್ತರ ಆಣಿ ಬಿಡಿಸ್ತೀಯಿಲ್ಲ? ತೆಗೀತೀನಿ ನೋಡು!” ಅಂದು ನನ್ನ ಮೇಲೆ ಎರಡು ಸಲ ಒತ್ತಿದಳು. ಬಾಗಿಲು ತೆರೆಯಿತು.

ಏನೂ ಇರಲಿಲ್ಲ.

“ಕಸ್ತೂರಿ… ಇದರಾಗ ಏನೂ ಇಲ್ಲಲೇ.”

“ಇನ್ನೊಮ್ಮೆ ಇಳಿಸು.”

ಇಳಿಸಿದಳು. ‘ಹೊಸದೇನೂ ಇಲ್ಲ, ಎಲ್ಲ ಸರಿಯಾಗಿದೆ’ ಅಂದಿತು ಪರದೆ. ಎಲ್ಲ ಸರಿಯಾಗಿದೆ! ಕಣಜದವನು ಸುಳ್ಳು ಹೇಳಲಿಲ್ಲ. ಅವನಿಗೆ ಕೊಟ್ಟದ್ದು ವಿಳಾಸ, ವಿಳಾಸ ಸರಿಯಾಗಿಯೇ ಇತ್ತು.

ಶಮಶಾದ್ ಮೊಬೈಲಿನಲ್ಲಿ ಆ ಬಾಣದ ಗುರುತಿನ ಅರ್ಥ ಹುಡುಕಿದಳು. ಓದುತ್ತ ಓದುತ್ತ ದನಿ ಇಳಿಯಿತು. “ಕಣಜದಾಗ ಇನ್ನೊಂದು ಕಣಜ ಹೂಡಿದರ ಒಳಗಿಂದು ಹೋಗೂದಿಲ್ಲಂತ. ಬರೇ ಗುರುತು ಹೋಗತೈತಂತ. ನೀ ಏನರ ಜಾಲಿಹೂವಿನ್ಯಾಗ…”

“ಹೂಡೇನಿ.”

“ಯವ್ವಾ! ಹಂಗಾರ ಹೂವು ಇರೂದು ಆ ಲ್ಯಾಪ್‌ಟಾಪಿನ್ಯಾಗ ಅಷ್ಟ! ನೀಲಮ್ಮನ ನಂಬರ್ ಐತೇನ?”

ನಂಬರು ಮೇಡಂ ಬಳಿ ಮಾತ್ರ ಇತ್ತು, ಮೇಡಂ ಫೋನು ಬಂದ್ ಆಗಿತ್ತು. ಶಮಶಾದ್ ಅದನ್ನೇ ಮತ್ತೆ ಒತ್ತುತ್ತ ತಲೆ ಎತ್ತಿದಳು. ಕಸ್ತೂರಿಯ ಕುರ್ಚಿ ಖಾಲಿ. ಚಪ್ಪಲಿ ಬಾಗಿಲಲ್ಲೇ ಇದ್ದವು.

ಬಸ್ಸಿನಲ್ಲಿ ನೀಲಮ್ಮನಿಗೆ ತಡೆಯಲಾಗಲಿಲ್ಲ. ಬಸ್ಸು ಹೊರಡುವ ಮೊದಲೇ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದಳು. ಬೆಳಕು ಬಂತು. ‘ಖಣ’ನ ಮೇಲೆ ಒತ್ತಿದಳು. ಅವನು ನೀಲಿಯಾದ. ಅವನು ನೀಲಿಯಾದನೆಂದರೆ ಅವನೊಳಗಿನ ಒಡಲೂ ಹೋಯಿತು, ಒಡಲೊಳಗಿನ ನಾನೂ ಹೋದೆ. ಹೊರಗಿನವನು ಹೋದರೆ ಒಳಗಿನವರನ್ನು ಯಾರೂ ಬಿಡಿಬಿಡಿಯಾಗಿ ಕೇಳುವುದಿಲ್ಲ. ಪರದೆ ಕೇಳಿತು: ಶಾಶ್ವತವಾಗಿ ಅಳಿಸಬೇಕೆ? ಮೌಸಿನ ಬಾಣ ‘ಹೌದು’ ಕಡೆಗೆ ಜಾರಿತು. ಡ್ರೈವರ್ ಬಸ್ಸು ಚಾಲೂ ಮಾಡಿದ, ಬಸ್ಸೆಲ್ಲ ನಡುಗಿತು, ಬಾಣವೂ ನಡುಗಿತು. ನೀಲಮ್ಮ ‘ಥೂ’ ಅಂದು ಮತ್ತೆ ಗುರಿ ಹಿಡಿದಳು.

“ನೀಲಮ್ಮಾ! ಅಳಸಬ್ಯಾಡ! ಏ ನೀಲಮ್ಮಾ! ಅಳಸಬ್ಯಾಡ!”

ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಶೇಂಗಾ ಮಾರುವವಳು ಬುಟ್ಟಿ ಕೆಳಗಿಟ್ಟಳು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೇಳಿದ, “ಯಾರನ್ನ ಅಳಸಾಕತ್ತಾರವಾ? ಹೆಸರರ ಹೇಳು!”

“ನನ್ನ ಹೂವು!” ಅಂದಳು ಕಸ್ತೂರಿ, ಅಷ್ಟೂ ಜನರ ಎದುರು. “ನಾ ಬರದ ಹೂವು ರೀ! ಬಸ್ ನಿಂದರಸ್ರಿ!”

ಆ ದನಿ ನಾನು ಕೇಳಿದ್ದೇ ಇಲ್ಲ. ಅಷ್ಟು ದಿನ ಅವಳ ಬೆರಳ ಕೆಳಗೇ ಇದ್ದೆ, ಇದೊಂದು ದನಿ ಅವಳಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ! ನೀಲಮ್ಮನ ಬೆರಳು ಮೇಲಕ್ಕೆ ಹಾರಿತು. ಪರದೆ ಟಪ್ಪೆಂದು ಮುಚ್ಚಿತು.

“ಲಗೂ ಇಳೀರಿ ತಾಯಿ, ನಿಮ್ಮ ಹೂವು ತಗೊಂಡು,” ಅಂದ ಕಂಡಕ್ಟರ್.

ಮೂವರೂ ಕೇಂದ್ರಕ್ಕೆ ಓಡಿದೆವು. ನನ್ನನ್ನೂ ಸೇರಿಸಿ ಮೂವರು. ಮಿಸ್ತ್ರಿ ಯಂತ್ರದ ಮೇಲೆ ತಾಡಪತ್ರಿ ಹೊದಿಸುವ ತಯಾರಿಯಲ್ಲಿದ್ದ. ಪೆನ್ ಡ್ರೈವಿನಲ್ಲಿ ಕೊಡುತ್ತೇವೆ ಎಂದರೆ ಕೈ ಅಡ್ಡ ಮಾಡಿದ. “ಬ್ಯಾಡ್ರಿ. ಹೋದ ಊರಾಗ ಪೆನ್ ಡ್ರೈವಿಂದ ಹುಳ ಹೊಕ್ಕು ಯಂತ್ರ ಮಲಗಿತ್ತು. ಕಣಜದಿಂದ ಇಳದ್ರ ಅಷ್ಟ ಕೊರೀತೀನಿ. ಗಾಡಿ ಬರೂತನಕ ಕಾಯ್ತೀನಿ, ಅಷ್ಟ.”

ಅಂದರೆ ನಾನು ದೊಡ್ಡ ಕಣಜದ ಮೂಲಕವೇ ಹೋಗಬೇಕು. ಶಮಶಾದ್ ಮೊಬೈಲ್ ನೋಡುತ್ತ ಹೇಳಿದಳು. “ಎರಡು ದಾರಿ ಅದಾವು. ಒಳಗಿನ ಕಣಜಕ್ಕ ಮ್ಯಾಲ ಬೇರೆ ಜಾಗಾ ಮಾಡಿ ಎರಡನ್ನೂ ಜೋಡಸೂದು. ಅದಕ್ಕ ಮೇಡಮ್ಮರ ಪಾಸ್‌ವರ್ಡ್ ಬೇಕು. ಇಲ್ಲಾಂದ್ರ ಒಳಗಿನ ಕಣಜ ತಗದು ಹಾಕೂದು. ಅದು ಹೋದ್ರ ಹೊರಗಿನಂವ ಹೊಸ್ತಿಲಾ ದಾಟತಾನ. ಹೂವು ಉಳೀತಾವು. ಆದ್ರ ಹಳೇ ಹೂವು, ನೀ ಬರದ ಸಾಲು, ಎಲ್ಲಾ ಹೋಗತಾವು.”

ಕಸ್ತೂರಿ ನನ್ನ ಕಣಜದ ಪಟ್ಟಿ ತೆರೆದಳು. ಉಂಡೆಯಂಥ ಹೂವು, ಗಾಲಿಯಂಥ ಹೂವು, ಸಂಜೆಸಂಜೆಯ ಸಾಲುಗಳು.

“ಆ ಕಣಜ ಅಷ್ಟ ಪೆನ್ ಡ್ರೈವಿಗೆ ಹಾಕಿ ಮನ್ಯಾಗ ಇಟ್ಕೋ ಬೇಕಾದ್ರ,” ಅಂದಳು ಶಮಶಾದ್, ಈ ಸಲ ಮೆತ್ತಗೆ.

ಕಸ್ತೂರಿ ನನ್ನ ಮೂಲೆಯನ್ನು ನೋಡಿದಳು. ಅವಳ ಮುಖ ನನ್ನ ಮೇಲೆ ಬಗ್ಗಿತ್ತು. ಓಡಿ ಬಂದ ಬೆವರು ಇನ್ನೂ ಆರಿರಲಿಲ್ಲ.

“ಬ್ಯಾಡ ಬಿಡು,” ಅಂದಳು. “ಅದರಾಗ ಹೂವಿಲ್ಲ. ಬರೇ ನನ್ನ ಅಂಜಿಕಿ ಐತಿ.”

ಅಳಿಸಿದಳು. ನೋವಾಯಿತೇ ಎಂದು ಕೇಳಿದರೆ ಹೇಳಲಾರೆ, ಏನೋ ಹಗುರಾಯಿತು. ಆ ಸಾಲುಗಳಲ್ಲಿ ಏನಿತ್ತೆಂದು ಈಗ ನನಗೆ ನೆನಪಿಲ್ಲ. ಬರೆಯುವಾಗ ಅವಳು ಹೇಗೆ ಕೂತಿರುತ್ತಿದ್ದಳು ಎಂಬುದಷ್ಟೇ ಉಳಿದಿದೆ.

ಅಷ್ಟಕ್ಕೇ ಮುಗಿಯಲಿಲ್ಲ! ದೊಡ್ಡ ಕಣಜದವನು ಮಹಾ ಹಟದವನು. ಅವನ ನೆನಪಿನಲ್ಲಿ ನಾನು ಇನ್ನೂ ಬೇರೆ ಸಂಸಾರವೇ. “ಮೊದಲ ಜಾಲಿಹೂವಿನ ಹೆಸರನ್ನ ಆತ ಮರೀಬೇಕಂತ,” ಓದಿದಳು ಶಮಶಾದ್. “ಆಮ್ಯಾಲ ಹೊಸದಾಗಿ ತೋರಸಬೇಕಂತ.” ಹೊರಗೆ ಗಾಡಿಯ ಹಾರ್ನು ಕೇಳಿತು. ಕಸ್ತೂರಿ ಆಜ್ಞೆ ಒತ್ತಿದಳು. ಕಣಜದವನು ನನ್ನನ್ನು ಮರೆತ. ಇನ್ನೊಂದು ಆಜ್ಞೆ. ಅವನು ಖಣ ದಾಟಿದ, ಒಡಲು ದಾಟಿದ, ಹೊಸ್ತಿಲಿಗೆ ಬಂದ, ಒಳಗೆ ಕಾಲಿಟ್ಟ! ಒಂದೊಂದು ಹೂವನ್ನೂ ಹೆಸರು ಹಿಡಿದು ಎಣಿಸಿಕೊಂಡ. ಪರದೆಯ ಮೇಲೆ ಕಡತಗಳ ಹೆಸರು ಹಸಿರಾಗಿ ಸಾಲುಗಟ್ಟಿದವು. ಹಸಿರು! ಟಿಪ್ಪಣಿ ಬರೆಯಬೇಕಿತ್ತು. ಎಲ್ಲರೂ ಓದುವ ಜಾಗ ಅದು. ಕಸ್ತೂರಿ ತಡವರಿಸದೆ ಬರೆದಳು: ‘ಜಾಲಿಹೂ. ಹೊಸ ಒಡಲು. ಬರೆದವಳು ಕಸ್ತೂರಿ.’

ಕಳಿಸಿದಳು. ಶಮಶಾದಳ ಯಂತ್ರದಲ್ಲಿ ಇಷ್ಟು ದಿನ ಬರಿದಾಗಿ ಕೂತಿದ್ದ ನಾನು ತುಂಬಿದೆ. ನೀರು ಬಂದ ಬಾವಿಯಂತೆ, ತಳದಿಂದ, ಒಮ್ಮೆಲೇ! ಶಮಶಾದ್ ಬಾಗಿಲು ತೆಗೆದಳು. ಒಂದೊಂದೇ ಹೂವು ತೆರೆದು ಕೊನೆಯದರ ತನಕ ನೋಡಿದಳು. ಆಮೇಲೆ ಕಸ್ತೂರಿಯ ಬೆನ್ನಿಗೆ ಒಂದು ಗುದ್ದು. “ಇಂಥಾದ್ದು ಬರದು ಮುಚ್ಚಿ ಇಟ್ಟಿದ್ದಿ ಅಲ್ಲಲೇ, ಕಳ್ಳಿ!”

ಯಂತ್ರ ಕೊರೆಯಿತು. ಗಾಡಿಯವನು ಬೈಯುತ್ತ ಬೀಡಿ ಹಚ್ಚಿಕೊಂಡು ಕಾದ. ಕಾರ್ಡುಗಳು ಸಿದ್ದವ್ವನ ಮಗ್ಗದ ತಲೆಗೇರಿದವು. ನನಗೆ ಅಲ್ಲಿ ಪ್ರವೇಶವಿಲ್ಲ, ಆದರೆ ಶಮಶಾದ್ ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ನನ್ನೊಳಗೇ ತಂದು ಇಟ್ಟಿದ್ದಾಳೆ. ಅದರಲ್ಲಿ ಸಿದ್ದವ್ವ ನೇಯುತ್ತಲೇ ಕೇಳುತ್ತಾಳೆ, “ಜಾಲಿ ಅಂತೀ. ಮುಳ್ಳರ ಹಾಕಿಯೇನ? ಕುಪ್ಪಸಾ ಹಾಕ್ಕೊಂಡಾಕಿಗೆ ಚುಚ್ಚೀತು ಮತ್ತ!”

“ಹಾಕೇನ್ರಿ ಅಮ್ಮಾ, ಹೂವಿನ ನಡುವ ಸಣ್ಣಾಗಿ. ಹಾಕ್ಕೊಂಡಾಕಿಗೆ ಅಲ್ಲ, ನೋಡಾಂವಗ ಚುಚ್ಚಲಿ ಅಂತ,” ಅನ್ನುತ್ತಾಳೆ ಕಸ್ತೂರಿ. ಸಿದ್ದವ್ವ ನಕ್ಕ ರಭಸಕ್ಕೆ ಲಾಳಿ ಕೈತಪ್ಪುತ್ತದೆ. ಮಗ್ಗದ ಮೇಲೆ ಮೊದಲ ಸಾಲು ಹೂವು ಹಳದಿಯಾಗಿ ಎದ್ದು ನಿಲ್ಲುತ್ತದೆ.

ಈಗ ನನಗೆ ವಯಸ್ಸಾಗಿದೆ. ಫೋಲ್ಡರಿನ ವಯಸ್ಸೆಂದರೆ ಕೊನೆಯ ಬಾರಿ ಬದಲಾದ ದಿನಾಂಕ ಹಿಂದೆ ಹಿಂದೆ ಹೋಗುವುದು. ನೀಲಮ್ಮನ ಲ್ಯಾಪ್‌ಟಾಪ್ ಗುಜರಿಗೆ ಹೋಯಿತು. ಕಸ್ತೂರಿ ಈಗ ಹೊಸಬರಿಗೆ ಪಾಠ ಹೇಳುತ್ತಾಳೆ. ‘ಕಣಜ ಒಮ್ಮೆ ಹೂಡ್ರಿ, ಎಲ್ಲಾರಿಗಿಂತ ಹೊರಗ ಅಷ್ಟ. ಹಳದಿ ಸಾಲು ಓದ್ರಿ’ ಅನ್ನುವುದು ದೂರದಿಂದ ಕೇಳಿಸುತ್ತದೆ. ಖಣನಿಗೆ ಮೇಲಿನ ಗಣಕದಲ್ಲಿ ‘ಇನ್ನು ಓದಲು ಮಾತ್ರ’ ಎಂಬ ಬೀಗ ಹಾಕಿದ್ದಾರೆ. ಇನ್ನು ನನ್ನೊಳಗೆ ಏನೂ ಬದಲಾಗುವುದಿಲ್ಲ. ಬೇಸರವಿಲ್ಲ. ನಾನು ಎಂದೂ ಹೂವಾಗಿರಲಿಲ್ಲ. ಹೂವಿಗೆ ಹೋಗುವ ಓಣಿಯಾಗಿದ್ದೆ, ಆ ಓಣಿ ತೆರೆದೇ ಇದೆ.

ಎಲ್ಲೋ ಯಾವುದೋ ಊರಿನಲ್ಲಿ, ಹೆಸರೇ ಕೇಳದ ಯಾರೋ ಖಣನನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಅಲ್ಲಿ ನಾನು ಹೊಸದಾಗಿ ಹುಟ್ಟುತ್ತೇನೆ. ಅವರು ಖಣ ತೆರೆಯುತ್ತಾರೆ, ಒಡಲು ತೆರೆಯುತ್ತಾರೆ, ನನ್ನ ಮೇಲೆ ಬಂದು ನಿಲ್ಲುತ್ತಾರೆ. ಎರಡು ಸಲ ಒತ್ತುತ್ತಾರೆ. ಆ ಒಂದು ಕ್ಷಣ, ಪ್ರತಿ ಸಲವೂ, ನನಗೆ ಡವಡವ ಅನ್ನುತ್ತದೆ: ಒಳಗೆ ಇರುತ್ತದೆಯೋ ಇಲ್ಲವೋ?

ಬಾಗಿಲು ತೆರೆಯುತ್ತದೆ.

ಇವೆ. ಎಲ್ಲ ಹೂವೂ ಇವೆ!